ವಿಧಿಯ ನಾಟಕ ಬರೆಯುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿನ್ನ ನಾಟಕ ಓದಿದೆ. ಮಾತು ಕಟ್ಟುವುದು ನಿನಗೆ ಗೊತ್ತು. ಆದರೆ ಎರಡು ಪುಟಕ್ಕೊಮ್ಮೆ ಯಾರಾದರೂ ‘ಎಲ್ಲಾ ಹಣೆಬರಹ’ ಅಂತ ನಿಟ್ಟುಸಿರು ಬಿಡುತ್ತಾರೆ. ರಂಗಸೂಚನೆಯಲ್ಲಿ ನೀಲಿ ಬೆಳಕು, ಹಿಂದಿನಿಂದ ನಗಾರಿ. ಇದನ್ನು ಹಿಡಿದುಕೊಂಡು ನಿರ್ದೇಶಕ ಏನು ಮಾಡಬೇಕು ಹೇಳು? ವಿಧಿಯನ್ನು ಅಭಿನಯಿಸು ಅಂತ ನಟನಿಗೆ ಹೇಳಲು ಆಗುವುದಿಲ್ಲ. ಅವನಿಗೆ ಒಂದು ಕೆಲಸ ಬೇಕು. ಯಾರನ್ನೋ ತಡೆಯುವುದು, ಏನನ್ನೋ ಮುಚ್ಚಿಡುವುದು, ಹೀಗೆ.

ಹಳೆಯ ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಈಡಿಪಸ್ ನಾಟಕವನ್ನು ಒಮ್ಮೆ ನಿರ್ದೇಶಕನ ಕಣ್ಣಿಂದ ಓದು. ಅಪ್ಪನನ್ನು ಕೊಂದು ತಾಯಿಯನ್ನೇ ಮದುವೆಯಾಗುತ್ತೀಯ ಅನ್ನುವ ಭವಿಷ್ಯವಾಣಿಗೆ ಹೆದರಿ ಊರು ಬಿಟ್ಟವನು, ತಿಳಿಯದೆ ಅದನ್ನೇ ಮಾಡಿ ದೊರೆಯಾಗಿರುವ ಕತೆ ಅದು. ಅಥೆನ್ಸಿನಲ್ಲಿ ಅದನ್ನು ಆಡಿದ್ದು ಹಾಡಹಗಲಲ್ಲಿ, ಬಯಲಲ್ಲಿ. ಕತ್ತಲೆ ಮಾಡಿ ಹೆದರಿಸುವ ಹಾಗೇ ಇರಲಿಲ್ಲ. ಕತೆಯೂ ಜನಕ್ಕೆ ಮೊದಲೇ ಗೊತ್ತು. ಆದರೂ ಕೂತು ನೋಡಿದರು, ಅಲ್ವಾ?

ಈಡಿಪಸ್ ಬೆಳೆದ ಊರು ಕೊರಿಂಥಿನಿಂದ ಬರುವ ದೂತನನ್ನೇ ನೋಡು. ಬಹುಮಾನದ ಆಸೆ ಅವನಿಗೆ. ದೊರೆಯ ಭಯ ಕಳೆಯಲೆಂದು, ನಿನ್ನನ್ನು ಸಾಕಿದ ಅಪ್ಪ ಅಮ್ಮನಿಗೆ ನೀನು ಹುಟ್ಟಿದವನೇ ಅಲ್ಲ ಅಂತ ಹೇಳಿಬಿಡುತ್ತಾನೆ. ನಾನಾದರೆ ಆ ಮಾತನ್ನು ನಗುನಗುತ್ತಾ ಹೇಳಿಸುತ್ತಿದ್ದೆ. ಈಡಿಪಸನ ಹೆಂಡತಿ ಜೊಕಾಸ್ತಳನ್ನು ಮಾತ್ರ ಮುಂದೆಯೇ ನಿಲ್ಲಿಸುತ್ತಿದ್ದೆ. ಅಲ್ಲಿ ಬಹಳ ಹೊತ್ತು ಅವಳಿಗೆ ಒಂದೂ ಮಾತಿಲ್ಲ. ಗಂಡನಿಗಿಂತ ಮೊದಲೇ ಅವಳಿಗೆ ಎಲ್ಲಾ ಅರ್ಥವಾಗಿಬಿಡುತ್ತದೆ. ಆಮೇಲೆ ಬಾಯಿ ಬಿಟ್ಟರೆ ಒಂದೇ ಬೇಡಿಕೆ: ಸಾಕು, ಇನ್ನು ಕೆದಕಬೇಡ.

ಅವನು ಕೇಳುವುದಿಲ್ಲ. ಕುರುಬನನ್ನು ಕರೆಸುತ್ತಾನೆ. ಕೂಸಾಗಿದ್ದ ಈಡಿಪಸನನ್ನು ಸಾಯಿಸು ಅಂತ ಕೊಟ್ಟಾಗ, ಪಾಪ ಅನ್ನಿಸಿ ಇನ್ನೊಬ್ಬನ ಕೈಗೆ ಕೊಟ್ಟವನು ಇವನೇ. ಇಷ್ಟೆಲ್ಲಾ ಆದದ್ದು ಆ ಕರುಣೆಯಿಂದ. ಮುದುಕ ಬಾಯಿ ಬಿಡದಿದ್ದಾಗ ಈಡಿಪಸ್ ಅವನ ಕೈಯನ್ನು ಹಿಂದಕ್ಕೆ ತಿರುಚಿಸಿ ಹೇಳಿಸಲು ಹೊರಡುತ್ತಾನೆ. ಇಲ್ಲಿ ವಿಧಿ ಎಲ್ಲಿದೆ, ತೋರಿಸು ನೋಡೋಣ. ಕಾಣುವುದು ಆ ಕೈ ಮಾತ್ರ.

ಲಂಕೇಶರು ಕನ್ನಡಕ್ಕೆ ತಂದ ಈ ನಾಟಕವನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ಆಡಿಸಿದರು. ನಮ್ಮಲ್ಲಿ ಇಂಥದ್ದನ್ನು ಆಡಿಸಲು ಇನ್ನೊಂದು ತೊಡಕಿದೆ. ಹಣೆಬರಹ ಅಂದ ತಕ್ಷಣ ಪ್ರೇಕ್ಷಕರು ತಲೆಯಾಡಿಸಿ ಹಗುರಾಗಿಬಿಡುತ್ತಾರೆ. ಆ ಸಮಾಧಾನ ಅವರಿಗೆ ಬೇಗ ಸಿಗದ ಹಾಗೆ ನೋಡಿಕೊಳ್ಳುವುದಕ್ಕೇ ನಿರ್ದೇಶಕನ ಅರ್ಧ ಶ್ರಮ ಹೋಗುತ್ತದೆ. ನೀನೇ ಅದನ್ನು ಸುಮ್ನೆ ಹಂಚಿಬಿಟ್ಟರೆ ಹೇಗೆ?

ನಿನ್ನ ಮೂರನೇ ದೃಶ್ಯದಲ್ಲಿ ತಾಯಿ ಮಗನಿಗೆ ಬಂದ ಕಾಗದ ಸುಡುತ್ತಾಳಲ್ಲ, ಅದು ಅಪ್ಪಟ ನಾಟಕ. ಅಲ್ಲಿಗೆ ಜ್ಯೋತಿಷಿ ಯಾಕೆ ಬಂದ? ಅವನನ್ನು ಕಳಿಸಿಬಿಡು. ಅವಳು ಕಾಗದವನ್ನು ಪೂರ್ತಿ ಓದಲಿ. ಓದಿಯೂ ಸುಡಲಿ. ತಿದ್ದಿದ ಪ್ರತಿ ಬೇಗ ಕಳಿಸು. ಈ ಸಲ ಅಕ್ಷರ ಸ್ವಲ್ಪ ದಪ್ಪಕ್ಕಿರಲಿ, ನನ್ನ ಕನ್ನಡಕ ಹಳೆಯದು.