ಸಂತೆಯೇ ಇಲ್ಲದ ದಿನ ಲಡ್ಲೋ ಪ್ರವಾಸ: ಟೂರ್ ಸಂಸ್ಥೆಗೆ ದೂರು ಪತ್ರ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ವಿದೇಶ ಪ್ರವಾಸ ಶಾಖೆ, ಬೆಂಗಳೂರು.

ವಿಷಯ: ಇಂಗ್ಲೆಂಡ್ ಪ್ರವಾಸದ ಆರನೇ ದಿನ, ಶ್ರಾಪ್‌ಶೈರ್‌ನ ಲಡ್ಲೋ ಊರಿನ ಭೇಟಿಯಲ್ಲಾದ ಸೇವಾ ನ್ಯೂನತೆ, ತಪ್ಪು ಮಾಹಿತಿ ಮತ್ತು ಹಣ ವಾಪಸಾತಿ ಕುರಿತು.

ಮಾನ್ಯರೇ,

ನಿಮ್ಮ ಬ್ರೋಷರಿನಲ್ಲಿ ಆರನೇ ದಿನದ ತಲೆಬರಹ ಹೀಗಿದೆ: ‘ಐತಿಹಾಸಿಕ ಪೇಟೆ ಊರು ಲಡ್ಲೋ. ಸಂತೆ, ಕೋಟೆ, ಕ್ರೀಮ್ ಟೀ. ಎರಡೂವರೆ ಗಂಟೆ.’ ಈ ಒಂದು ದಿನಕ್ಕೆಂದೇ ಮೂಲ ಪ್ಯಾಕೇಜಿನ ಮೇಲೆ ತಲಾ 6,500 ರೂಪಾಯಿ ಪ್ರತ್ಯೇಕವಾಗಿ ವಸೂಲಿಯಾಗಿದೆ. ಸಿಕ್ಕಿದ್ದು 45 ನಿಮಿಷ. ಸಂತೆ ಇರಲಿಲ್ಲ, ಕೋಟೆಯ ಬಾಗಿಲು ದಾಟಲಾಗಲಿಲ್ಲ, ಕ್ರೀಮ್ ಟೀ, ಅಂದರೆ ಸ್ಕೋನ್ ಎಂಬ ಬನ್ನು, ಜಾಮ್, ಕ್ರೀಮಿನ ಜೊತೆಗಿನ ಚಹಾದ ಬದಲು ಕೋಚಿನಲ್ಲೇ (ಪ್ರವಾಸಿ ಬಸ್ಸಿನಲ್ಲೇ) ಒಂದೊಂದು ಸ್ಯಾಂಡ್‌ವಿಚ್ ಪೊಟ್ಟಣ ಹಂಚಲಾಯಿತು. ಇದರ ಬಗ್ಗೆ ಬರೆದ ಇಮೇಲಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರ ಎರಡೇ ಸಾಲು: ಚಾಲಕರ ಕೆಲಸದ ಅವಧಿಯ ಕಾನೂನಿನಿಂದಾಗಿ ಸಮಯ ಮೊಟಕಾಯಿತು, ಅದು ಸಂಸ್ಥೆಯ ಕೈಮೀರಿದ ವಿಷಯ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಏಕೆಂದು ಕೆಳಗೆ ಬಿಡಿಸಿ ಬರೆದಿದ್ದೇವೆ.

ಮೊದಲ ತಪ್ಪು ಇಂಗ್ಲೆಂಡಿನಲ್ಲಿ ಆದದ್ದಲ್ಲ, ಬೆಂಗಳೂರಿನ ನಿಮ್ಮ ಮೇಜಿನ ಮೇಲೆಯೇ ಆದದ್ದು. ಆರನೇ ದಿನ ಮಂಗಳವಾರ. ಲಡ್ಲೋ ಕೋಟೆಯ ಮುಂದಿನ ಕ್ಯಾಸಲ್ ಸ್ಕ್ವೇರ್‌ನಲ್ಲಿ ವಾರದ ಸಾಮಾನ್ಯ ಸಂತೆ ನಡೆಯುವುದು ಸೋಮ, ಬುಧ, ಶುಕ್ರ ಮತ್ತು ಶನಿವಾರ. ಮಂಗಳವಾರ ಆ ಪಟ್ಟಿಯಲ್ಲಿಲ್ಲ. ನಿಮ್ಮ ಮುಂದಿನ ನಾಲ್ಕು ಬ್ಯಾಚ್‌ಗಳ ಪಟ್ಟಿಯನ್ನೂ ನೋಡಿದ್ದೇವೆ. ಎಲ್ಲವೂ ಬೆಂಗಳೂರಿನಿಂದ ಗುರುವಾರ ಹೊರಡುತ್ತವೆ, ಹಾಗಾಗಿ ಎಲ್ಲಕ್ಕೂ ಆರನೇ ದಿನ ಮಂಗಳವಾರವೇ ಬೀಳುತ್ತದೆ. ಅಂದರೆ ಇದು ಒಂದು ಗುಂಪಿಗೆ ಆಕಸ್ಮಿಕವಾಗಿ ಆದ ಎಡವಟ್ಟಲ್ಲ. ಇಲ್ಲದ ಸಂತೆಯನ್ನು ನೀವು ಬ್ಯಾಚ್ ಮೇಲೆ ಬ್ಯಾಚ್ ಮಾರುತ್ತಿದ್ದೀರಿ.

ಸಂತೆ ಇಲ್ಲದಿದ್ದರೆ ಏನಂತೆ, ಹಳೆಯ ಕಟ್ಟಡಗಳು ಇದ್ದವಲ್ಲ ಎಂದು ನಿಮ್ಮ ಟೂರ್ ಮ್ಯಾನೇಜರ್ ಕೇಳಿದರು. ಈ ಬಗೆಯ ಊರುಗಳ ವಿಷಯ ಗೊತ್ತಿರುವವರು ಕೇಳುವ ಪ್ರಶ್ನೆ ಅದಲ್ಲ. ಇಂಗ್ಲೆಂಡಿನಲ್ಲಿ ಸಂತೆ ಕೂಡಿಸುವುದು ಒಂದು ಹಕ್ಕು. ರಾಜನ ಸನದಿನಿಂದಲೋ ಬಹುಕಾಲದ ರೂಢಿಯಿಂದಲೋ ಆ ಹಕ್ಕು ಬರುತ್ತಿತ್ತು, ವಾರದ ಯಾವ ದಿನ ಕೂಡಬೇಕೆಂಬುದೂ ಅದರಲ್ಲೇ ಸೇರಿರುತ್ತಿತ್ತು. ಒಂದು ಸಂತೆಯಿಂದ ಇನ್ನೊಂದಕ್ಕೆ ಕನಿಷ್ಠ 6⅔ ಮೈಲಿ ಅಂತರವಿರಬೇಕು ಎಂಬ ಮಾತು 13ನೇ ಶತಮಾನದ ಕಾನೂನು ಬರಹದಲ್ಲೇ ಇದೆ. ಲೆಕ್ಕ ಸರಳ: ದಿನದ ನಡಿಗೆ 20 ಮೈಲಿ, ಅದರಲ್ಲಿ ಮೂರನೇ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ವ್ಯಾಪಾರಕ್ಕೆ, ಉಳಿದದ್ದು ಕತ್ತಲಾಗುವ ಮೊದಲು ಮನೆ ಸೇರುವುದಕ್ಕೆ. ಲಡ್ಲೋದ ಬೀದಿಗಳ ಆಕಾರವೂ ಸಂತೆಯಿಂದಲೇ ಬಂದದ್ದು. ಕೋಟೆಯ ಬಾಗಿಲಿನಿಂದ ಬುಲ್ ರಿಂಗ್ ಎಂಬ ಬೀದಿಯ ವರೆಗೆ ಮೊದಲಿದ್ದದ್ದು ಒಂದೇ ಅಗಲವಾದ ಸಂತೆ ಬೀದಿ. ದಿನದ ಅಂಗಡಿಗಳು ನಿಧಾನವಾಗಿ ಕಾಯಂ ಕಟ್ಟಡಗಳಾಗಿ ನಡುವೆ ಬೇರು ಬಿಟ್ಟವು. ಕಿಂಗ್ ಸ್ಟ್ರೀಟ್, ಹಾರ್ಪ್ ಲೇನ್ ಹೀಗೆ ಈಗ ಕಾಣುವ ಇಕ್ಕಟ್ಟಿನ ಓಣಿಗಳು ಆ ಒತ್ತುವರಿಯ ನಡುವೆ ಉಳಿದ ಸಂದುಗಳು. ಚೌಕದಲ್ಲಿ ಸಂತೆ ತುಂಬಿರುವಾಗ ಇದು ವಿವರಿಸದೆಯೇ ಅರ್ಥವಾಗುತ್ತದೆ. ಖಾಲಿ ಚೌಕದಲ್ಲಿ ನಿಂತರೆ ಏನೂ ತಿಳಿಯದು. ಮದುವೆಗೆಂದು ಕರೆದು ಖಾಲಿ ಛತ್ರ ತೋರಿಸಿ ಕಳಿಸಿದ ಹಾಗೆ.

ಇನ್ನು ಚಾಲಕರ ಕಾನೂನು. ಬ್ರಿಟನ್ನಿನಲ್ಲಿ ಪ್ರವಾಸಿ ಕೋಚ್ ಚಾಲಕರಿಗೆ ಅನ್ವಯಿಸುವ ನಿಯಮ ಹೀಗಿದೆ. ಒಟ್ಟು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ವಿರಾಮ ಕಡ್ಡಾಯ; ಬೇಕಿದ್ದರೆ ಅದನ್ನು ಮೊದಲು 15, ಆಮೇಲೆ 30 ನಿಮಿಷವೆಂದು ಒಡೆಯಬಹುದು. ಪೂರ್ತಿ ವಿರಾಮ ಸಿಕ್ಕ ಕೂಡಲೇ ನಾಲ್ಕೂವರೆ ಗಂಟೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ದಿನಕ್ಕೆ ಓಡಿಸುವ ಮಿತಿ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ದಿನದ ವಿಶ್ರಾಂತಿ ಸಾಮಾನ್ಯವಾಗಿ 11 ಗಂಟೆ ಇರಬೇಕಾದ್ದರಿಂದ, ಕೆಲಸ ಶುರುವಿನಿಂದ ಮುಗಿಯುವವರೆಗೆ 13 ಗಂಟೆ ಸಿಗುತ್ತದೆ.

ಈಗ ಅಂದಿನ ವೇಳೆಯನ್ನು ಇದರ ಪಕ್ಕ ಇಟ್ಟು ನೋಡಿ. ಲಂಡನ್ ಹೋಟೆಲ್ ಬಿಟ್ಟದ್ದು ಬೆಳಿಗ್ಗೆ 7:30. ಶೇಕ್ಸ್‌ಪಿಯರ್ ಹುಟ್ಟೂರು ಸ್ಟ್ರಾಟ್‌ಫರ್ಡ್ ತಲುಪಿದ್ದು 10:15. ಅಲ್ಲಿ ಎರಡು ಗಂಟೆ ಕೋಚ್ ನಿಂತೇ ಇತ್ತು. ಚಾಲಕರ 45 ನಿಮಿಷ ಅಲ್ಲೇ ಸಂದಾಯವಾಯಿತು, ಲೆಕ್ಕ ಸೊನ್ನೆಗೆ ಬಂತು. ಅಲ್ಲಿಂದ ಲಡ್ಲೋಗೆ 55ರಿಂದ 60 ಮೈಲಿ, ಕೋಚಿಗೆ ಸುಮಾರು ಒಂದೂಮುಕ್ಕಾಲು ಗಂಟೆ. ಲಡ್ಲೋದಿಂದ ಬರ್ಮಿಂಗ್‌ಹ್ಯಾಮ್ ಹೊರವಲಯದ ಹೋಟೆಲಿಗೆ ಇನ್ನೊಂದು ಗಂಟೆ ಇಪ್ಪತ್ತು ನಿಮಿಷ. ಎರಡೂ ಸೇರಿ ಮೂರು ಗಂಟೆ ಚಿಲ್ಲರೆ. ನಾಲ್ಕೂವರೆಯ ಮಿತಿ ಹತ್ತಿರಕ್ಕೂ ಬರುವುದಿಲ್ಲ, ದಿನದ 9 ಗಂಟೆಯ ಮಾತಂತೂ ದೂರವೇ ಉಳಿಯಿತು.

ಹಾಗಾದರೆ ಸಮಯ ಎಲ್ಲಿ ಸೋರಿಹೋಯಿತು? ಸ್ಟ್ರಾಟ್‌ಫರ್ಡ್ ಬಿಟ್ಟ ಮೇಲೆ ಬ್ರೋಷರಿನಲ್ಲೇ ಇಲ್ಲದ ಒಂದು ಔಟ್‌ಲೆಟ್ ಶಾಪಿಂಗ್ ಕೇಂದ್ರಕ್ಕೆ ಕೋಚ್ ತಿರುಗಿತು. ಅಲ್ಲಿ ಒಂದೂವರೆ ಗಂಟೆ, ಬಳಸುದಾರಿಗೆ 40 ನಿಮಿಷ. ಎರಡು ಗಂಟೆಗೆ ಸೇರಬೇಕಿದ್ದ ಲಡ್ಲೋ ಸೇರಿದ್ದು 4:10ಕ್ಕೆ. ಇಂಥ ‘ಕಾಂಪ್ಲಿಮೆಂಟರಿ’ ನಿಲುಗಡೆಗಳಿಂದ ಯಾರಿಗೆ ಏನು ಲಾಭ ಎಂದು ಇಲ್ಲಿ ಕೆದಕುವುದಿಲ್ಲ. ಹಣ ಕೊಟ್ಟವರಿಗಂತೂ ಆಗಲಿಲ್ಲ. ವಾದಕ್ಕೆ ಈ ತಡವನ್ನೂ ಒಪ್ಪಿಕೊಳ್ಳೋಣ. 4:10ರಿಂದ ಎರಡೂವರೆ ಗಂಟೆ ಅಲ್ಲೇ ಇದ್ದಿದ್ದರೂ ರಾತ್ರಿ ಎಂಟಕ್ಕೆ ಹೋಟೆಲ್ ಸೇರಬಹುದಿತ್ತು. ಹೊರಡುವ ಮುನ್ನ ಗಾಡಿ ಪರೀಕ್ಷಿಸುವ ಹೊತ್ತನ್ನು ಸೇರಿಸಿದರೂ 13 ಗಂಟೆಯ ಒಳಗೇ. ಲಡ್ಲೋದಲ್ಲಿ ಕೊಟ್ಟ ಹೊತ್ತು ಸರಿಯಾಗಿ 45 ನಿಮಿಷ ಎಂಬುದನ್ನು ಗಮನಿಸಿ. ಚಾಲಕರಿಗೆ ಇನ್ನೊಂದು ವಿರಾಮ ಕೊಡಿಸಿ ಅದನ್ನೇ ನಮಗೆ ಪ್ರವಾಸವೆಂದು ಬಡಿಸಿದ್ದೀರಿ ಎನ್ನದೆ ವಿಧಿಯಿಲ್ಲ. ನಮ್ಮ ಲೆಕ್ಕ ತಪ್ಪೆನ್ನುವುದಾದರೆ ಗಾಡಿ ಓಡಿದ, ನಿಂತ ಹೊತ್ತನ್ನು ತಾನೇ ಬರೆದಿಡುವ ಯಂತ್ರದ, ಅಂದರೆ ಟ್ಯಾಕೋಗ್ರಾಫಿನ, ಅಂದಿನ ದಾಖಲೆಯ ಪ್ರತಿ ಕಳಿಸಿ. ಕೋಚ್ ಸಂಸ್ಥೆ ಅದನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರಲೇಬೇಕು, ಆದ್ದರಿಂದ ಸಿಗುವುದಿಲ್ಲ ಎಂಬ ಉತ್ತರ ಬೇಡ.

ಆ 45 ನಿಮಿಷವಾದರೂ ಪೂರ್ತಿ ದಕ್ಕಿತೇ? ಊರು ಗುಡ್ಡದ ಮೇಲಿದೆ, ಕೋಚ್ ಇಳಿಸಿದ್ದು ತಗ್ಗಿನಲ್ಲಿ. ಹಿರಿಯರ ನಡಿಗೆಯಲ್ಲಿ ಚೌಕಕ್ಕೆ ಏರಲು ಹತ್ತು ನಿಮಿಷ, ಇಳಿಯಲು ಹತ್ತು ನಿಮಿಷ ಕಳೆದರೆ ಉಳಿದದ್ದು 25. ಇಂಥ ಕೋಟೆಗಳಲ್ಲಿ ಬಾಗಿಲು ಹಾಕುವ ವೇಳೆಗಿಂತ ಮೊದಲೇ ಕೊನೆಯ ಟಿಕೆಟ್ ನಿಲ್ಲುತ್ತದೆ. ಅಷ್ಟರಲ್ಲಿ ಒಳಗೆ ಹೋಗಿ ಬರುವುದು ಆಗದ ಮಾತು. ಟಿಕೆಟ್ ಹಣ ಮಾತ್ರ ನಿಮ್ಮ ಬಿಲ್ಲಿನಲ್ಲಿ ಸೇರಿಯೇ ಇದೆ.

ನೀವು ಹಂಚಿದ ಕನ್ನಡ ಕೈಪಿಡಿಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕೊಟ್ಟದ್ದು ಸಂತೋಷವೇ, ಆದರೆ ಲಡ್ಲೋದ ಎರಡು ಪುಟಗಳಲ್ಲಿ ನಾಲ್ಕು ತಪ್ಪುಗಳಿವೆ. ‘ಸಂತೆ ನಡೆಯುವ ಟೌನ್ ಹಾಲ್ ಒಳಗೆ ಖರೀದಿ ಮಾಡಿ’ ಎಂದಿದೆ. ವಿಕ್ಟೋರಿಯಾ ಕಾಲದ ಆ ಕಟ್ಟಡವನ್ನು 1986ರಲ್ಲೇ ಕೆಡವಿದ್ದಾರೆ, ಈಗ ಸಂತೆ ಬಯಲಲ್ಲೇ. ‘ಶೇಕ್ಸ್‌ಪಿಯರ್ ತಂಗಿದ್ದ ಫೆದರ್ಸ್ ಹೋಟೆಲ್’ ಎಂದಿದೆ. ಆ ಮನೆ ಈಗಿನ ರೂಪಕ್ಕೆ ಬಂದದ್ದು 1619ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಬಟರ್‌ಕ್ರಾಸ್ ‘ಮಧ್ಯಯುಗದ್ದು’ ಎಂದಿದೆ. ಕೆಳಗೆ ಬೆಣ್ಣೆ ಮಾರುತ್ತಿದ್ದ, ಮೇಲೆ ಗಡಿಯಾರ ಹೊತ್ತ ಆ ಕಲ್ಲಿನ ಕಟ್ಟಡ 18ನೇ ಶತಮಾನದ್ದು. ಕೊನೆಗೆ ‘ಎಂಟನೇ ಹೆನ್ರಿ ಮಧುಚಂದ್ರ ಕಳೆದ ಕೋಟೆ’. ಮದುವೆಯಾದ ಹೊಸತರಲ್ಲಿ ಇಲ್ಲಿ ಬಿಡಾರ ಹೂಡಿದ್ದು ಹೆನ್ರಿಯ ಅಣ್ಣ ಆರ್ಥರ್ ಮತ್ತು ಅರಗಾನ್‌ನ ಕ್ಯಾಥರೀನ್. ಆರ್ಥರ್ 1502ರ ಏಪ್ರಿಲ್ 2ರಂದು, ಹದಿನೈದನೇ ವಯಸ್ಸಿನಲ್ಲಿ ಇದೇ ಕೋಟೆಯಲ್ಲಿ ತೀರಿಕೊಂಡ. ಹೆನ್ರಿ ಅವಳನ್ನು ಮದುವೆಯಾದದ್ದು 1509ರಲ್ಲಿ. ಸಾವಿನ ಮನೆಯನ್ನು ಮಧುಚಂದ್ರದ ಮನೆ ಮಾಡಿದ್ದೀರಿ.

ಸೇಂಟ್ ಲಾರೆನ್ಸ್ ಚರ್ಚಿಗೆ ಕೈಪಿಡಿಯಲ್ಲಿ ಒಂದೇ ಸಾಲು, ಅದೂ ಗೋಪುರದ ಎತ್ತರದ ಬಗ್ಗೆ. ಅಲ್ಲಿ ನೋಡಬೇಕಾದದ್ದು ಗಾಯಕರ ಸಾಲಿನ ಮಡಚುವ ಆಸನಗಳು. ಮಣೆಯನ್ನು ಮೇಲೆತ್ತಿದರೆ ಅದರ ಅಡಿಯಲ್ಲಿ ಒಂದು ಚಿಕ್ಕ ಚಾಚು ಇರುತ್ತದೆ, ದೀರ್ಘ ಪ್ರಾರ್ಥನೆಯ ಹೊತ್ತಿನಲ್ಲಿ ನಿಂತವರು ಒರಗಿಕೊಳ್ಳಲಿ ಎಂದು. ಆ ಚಾಚಿನ ಕೆಳಗೆ ಮಧ್ಯಯುಗದ ಬಡಗಿಗಳು ಕೆತ್ತಿದ ಚಿತ್ರಗಳಲ್ಲೊಂದು ಅಳತೆಯಲ್ಲಿ ಮೋಸ ಮಾಡಿದ ಹೆಂಡದಂಗಡಿಯವಳದ್ದು. ಮೈಮೇಲೆ ಬಟ್ಟೆಯಿಲ್ಲ, ತಲೆಯ ಮೇಲೆ ಮಾತ್ರ ಠೀವಿಯ ಉಡುಪು, ಕೈಯಲ್ಲಿ ಅದೇ ಕಳ್ಳ ಅಳತೆಯ ಪಾತ್ರೆ. ಒಂದು ದೆವ್ವ ಅವಳನ್ನು ಹೆಗಲಿಗೆ ಹಾಕಿಕೊಂಡು ನರಕದ ಬಾಯಿಗೆ ಒಯ್ಯುತ್ತಿದೆ, ಇನ್ನೊಂದು ಅವಳ ಪಾಪದ ಪಟ್ಟಿ ಓದುತ್ತಿದೆ, ಮತ್ತೊಂದು ಬ್ಯಾಗ್‌ಪೈಪ್ ಊದುತ್ತಿದೆ. ಎರಡೂವರೆ ಗಂಟೆಯ ಹಣ ಪಡೆದು ಮುಕ್ಕಾಲು ಗಂಟೆ ಅಳೆದು ಕೊಡುವ ಸಂಸ್ಥೆ ಇದನ್ನು ತನ್ನ ಗ್ರಾಹಕರಿಗೆ ತೋರಿಸದೆ ಇದ್ದದ್ದು ಒಂದು ರೀತಿಯಲ್ಲಿ ಜಾಣತನವೇ.

ಊಟದ ವಿಷಯ. ಬುಕಿಂಗ್ ವೇಳೆ ‘ಮೊಟ್ಟೆಯೂ ಇಲ್ಲದ ಶುದ್ಧ ಸಸ್ಯಾಹಾರ’ ಎಂದು ಬರೆದುಕೊಟ್ಟವರಿಗೂ ಕೈಗೆ ಬಂದದ್ದು ಎಗ್ ಮೇಯೊ ಸ್ಯಾಂಡ್‌ವಿಚ್. ಪೊಟ್ಟಣದ ಮೇಲೆ ‘ವೆಜಿಟೇರಿಯನ್’ ಎಂದಿತ್ತು ಎಂಬುದು ನಿಮ್ಮವರ ಸಮಜಾಯಿಷಿ. ಬ್ರಿಟನ್ನಿನಲ್ಲಿ ಮೊಟ್ಟೆ ಸಸ್ಯಾಹಾರದಲ್ಲೇ ಸೇರುತ್ತದೆ. ಆ ದೇಶಕ್ಕೆ ಪ್ರವಾಸ ಒಯ್ಯುವವರಿಗೆ ಇದು ಮೊದಲ ಪಾಠವಾಗಿರಬೇಕು. ಮೊಟ್ಟೆ ಬೇಡದವರಿಗೆ ‘ವೀಗನ್’ (ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಎಂದು ಆರ್ಡರ್ ಕೊಟ್ಟು, ಹಾಲು ಹಾಕಿದ ಚಹಾವನ್ನು ಬೇರೆ ತರಿಸಬೇಕು. ಮೊಟ್ಟೆ, ಹಾಲು, ಮೀನು ಸೇರಿ 14 ಅಲರ್ಜಿ ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದುಕಾಣುವಂತೆ ಅಚ್ಚು ಮಾಡುವುದು ಕಡ್ಡಾಯ. ಅಂಗಡಿಯಲ್ಲೇ ಮಾಡಿ ಕಟ್ಟಿಟ್ಟ ತಿಂಡಿಗೂ 2021ರ ಅಕ್ಟೋಬರ್‌ನಿಂದ ಇದು ಅನ್ವಯಿಸುತ್ತದೆ. ಓದಿದ್ದರೆ ಸಾಕಿತ್ತು. ಓದಿದರೂ ತಿಳಿಯದ ಕಡೆ ಬಾಯಿಬಿಟ್ಟು ಕೇಳಬೇಕು: ಚಿಪ್ಸ್ ಕರಿದದ್ದು ಎಣ್ಣೆಯಲ್ಲೋ ದನದ ಕೊಬ್ಬಿನಲ್ಲೋ, ಸ್ಕೋನ್ ಮೇಲೆ ಮೊಟ್ಟೆ ಸವರಿದ್ದಾರೋ ಇಲ್ಲವೋ, ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿದ್ದಾರೋ. ಕೊಬ್ಬು, ರೆನೆಟ್ ಎರಡೂ ಆ 14ರ ಪಟ್ಟಿಯಲ್ಲಿಲ್ಲ. ಚೀಸ್ ಟೋಸ್ಟ್ ಮೇಲೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಆಂಚೋವಿ ಮೀನು ಇರುವುದು ಸಾಮಾನ್ಯ.

ನಮ್ಮ ಬೇಡಿಕೆಗಳು ಇಷ್ಟು. ಆರನೇ ದಿನಕ್ಕೆಂದು ಪಡೆದ ತಲಾ 6,500 ರೂಪಾಯಿಯನ್ನು, ಗುಂಪಿನ ಎಲ್ಲ ಸದಸ್ಯರಿಗೆ, ಅವರವರ ಖಾತೆಗೆ ಹಿಂದಿರುಗಿಸಿ. ಮುಂದಿನ ಪ್ರವಾಸಕ್ಕೆ ವೋಚರ್ ಕೊಡುವ ಪ್ರಸ್ತಾಪ ಬೇಡ. ಮಂಗಳವಾರದ ದಿನಕ್ಕೆ ‘ಸಂತೆ’ ಎಂದು ಜಾಹೀರಾತು ಕೊಡುವುದನ್ನು ಇಂದೇ ನಿಲ್ಲಿಸಿ, ಈಗಾಗಲೇ ಹಣ ಕಟ್ಟಿರುವ ಬ್ಯಾಚ್‌ಗಳವರಿಗೆ ಲಿಖಿತವಾಗಿ ತಿಳಿಸಿ.

ಸರಿಪಡಿಸುವುದು ಕಷ್ಟವೇನಲ್ಲ. ಆರನೇ ದಿನವನ್ನೂ ಏಳನೇ ದಿನವನ್ನೂ ಅದಲುಬದಲು ಮಾಡಿದರೆ ಲಡ್ಲೋ ಬುಧವಾರಕ್ಕೆ ಬರುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿರಬೇಕು. ಬೀದಿ ಸಂತೆಯ ಅಂಗಡಿಗಳು ಮಧ್ಯಾಹ್ನ ಮೂರರಾಚೆ ಗಂಟುಮೂಟೆ ಕಟ್ಟತೊಡಗುತ್ತವೆ. ಹಿರಿಯರನ್ನು ಮೇಲಿನ ಚೌಕದ ಹತ್ತಿರವೇ ಇಳಿಸಿ. ಸಂತೆಗೆ ಮುಕ್ಕಾಲು ಗಂಟೆ, ಕೋಟೆಗೆ ಒಂದೂಕಾಲು ಗಂಟೆ ಕೊಡಿ. ಕೋಟೆಯೊಳಗೆ ದುಂಡಗಿನ ನಾರ್ಮನ್ ಪ್ರಾರ್ಥನಾಮಂದಿರವನ್ನು ತಪ್ಪಿಸಬೇಡಿ. ನೆಲ ಹುಲ್ಲು, ಏರುಪೇರು, ಊರುಗೋಲಿನವರಿಗೆ ಮೊದಲೇ ಹೇಳಿ. ಚರ್ಚಿಗೆ ಅರ್ಧ ಗಂಟೆ. ಆಮೇಲೆ ಬಟರ್‌ಕ್ರಾಸ್‌ನಿಂದ ಬ್ರಾಡ್ ಸ್ಟ್ರೀಟ್ ಇಳಿಜಾರಿನಲ್ಲಿ ನಡೆಸಿಕೊಂಡು ಬನ್ನಿ. ಹಳೆಯ ಏಳು ದ್ವಾರಗಳಲ್ಲಿ ಉಳಿದಿರುವ ಬ್ರಾಡ್ ಗೇಟ್ ಆ ದಾರಿಯಲ್ಲೇ ಇದೆ, ಅದರ ಕಮಾನಿನಡಿ ಕೋಚ್ ತೂರುವುದಿಲ್ಲ. ಎಲ್ಲಿ ಹತ್ತಿಸಿಕೊಳ್ಳಬೇಕೆಂದು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಎಲ್ಲ ಸೇರಿ ಮೂರು ಗಂಟೆ ಸಾಕು. ಕೋಚಿಗೆ ತೊಡಕಾದರೆ ಅದೇ ಶ್ರಾಪ್‌ಶೈರ್‌ನ ಶ್ರೂಸ್‌ಬರಿ ಊರಿನಿಂದ ರೈಲಿದೆ, ಸುಮಾರು ಅರ್ಧ ಗಂಟೆ.

ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಮತ್ತು ಹಣ ಬರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಸೇವಾ ನ್ಯೂನತೆ ಮತ್ತು ದಾರಿತಪ್ಪಿಸುವ ಜಾಹೀರಾತಿನ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇವೆ. ಆ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ‘ವ್ಯಾಜ್ಯಗಳು ಬೇರೆ ನಗರದ ನ್ಯಾಯಾಲಯಕ್ಕೆ ಮಾತ್ರ ಒಳಪಟ್ಟಿವೆ’ ಎಂದು ನಿಮ್ಮ ಬುಕಿಂಗ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಸಾಲು ಅದಕ್ಕೆ ಅಡ್ಡ ಬಾರದು.

ಬ್ರೋಷರಿನ ಆರನೇ ದಿನದ ಪುಟ, ರಸೀದಿಗಳು, ಕೈಪಿಡಿಯ ಲಡ್ಲೋ ಪುಟಗಳು, ಸ್ಯಾಂಡ್‌ವಿಚ್ ಪೊಟ್ಟಣದ ಲೇಬಲ್ಲಿನ ಫೋಟೊ ಹಾಗೂ ನಿಮ್ಮ ಕಚೇರಿಯ ಇಮೇಲಿನ ಪ್ರತಿಗಳನ್ನು ಲಗತ್ತಿಸಿದೆ.

ಇತಿ,
ಪ್ರವಾಸಿ ಗುಂಪಿನ ಸದಸ್ಯರ ಪರವಾಗಿ
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿವೆ)