ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲಿರುವ ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಕುಶಾಲನಗರದಿಂದ ಮೈಸೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವ ನಮ್ಮಲ್ಲಿ ಕೆಲವರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ನಿರ್ಧರಿಸಿರುವುದರಿಂದ, ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಪರಿಚಿತ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಕಾರುಗಳನ್ನು ನೋಡಲು ಹೋಗುವುದೆಂದು ಗೊತ್ತುಮಾಡಲಾಗಿದೆ.

ದಿನಕ್ಕೆ ಸುಮಾರು 170 ಕಿ.ಮೀ. ಎಂದರೆ, 250 ಕೆಲಸದ ದಿನಗಳಲ್ಲಿ 40,000 ಕಿ.ಮೀ. ದಾಟುತ್ತದೆ. ಇಷ್ಟು ಓಡಿಸುವವರಿಗೆ ಡೀಸೆಲ್ ಕಾರು ಲಾಭಕರವೆಂದು ನನ್ನ ಅಭಿಪ್ರಾಯ. ಆದರೆ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಡೀಸೆಲ್ ಕಾರು ಪೇಟೆಯೊಳಗೆ ಮಾತ್ರ ಓಡಿದ್ದರೆ ಅದರ ಹೊಗೆ ಫಿಲ್ಟರಿನಲ್ಲಿ ಮಸಿ ಕಟ್ಟಿರಬಹುದಾದ್ದರಿಂದ, ಹಿಂದಿನ ಓಡಾಟದ ಬಗ್ಗೆ ತಪ್ಪದೆ ವಿಚಾರಿಸಿ. ಮೈಲೇಜ್ ಒಂದನ್ನೇ ನೋಡಬೇಡಿ. ಅರ್ಧ ಗಂಟೆಯಾದರೂ ಓಡಿಸಿ, ಸೊಂಟಕ್ಕೂ ತೊಡೆಗೂ ಸೀಟಿನ ಆಸರೆ ಸಾಕೇ ಎಂದು ತಿಳಿದುಕೊಳ್ಳಿ.

ನಮ್ಮ ಜಿಲ್ಲೆಯಲ್ಲೇ ಓಡಿದ ಕಾರಾದರೆ, ಮಳೆಗಾಲದ ತೇವದಿಂದ ತಳಭಾಗಕ್ಕೂ ಮ್ಯಾಟಿನ ಅಡಿಗೂ ತುಕ್ಕು ಹಿಡಿದಿದೆಯೇ, ಘಾಟಿಯ ಏರಿನಲ್ಲಿ ಕ್ಲಚ್ ಜಾರುತ್ತದೆಯೇ ಎಂಬುದನ್ನು ಪರೀಕ್ಷಿಸಲೇಬೇಕು. ಟೈರಿನ ಮೇಲಿನ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ; 2319 ಎಂದರೆ 2019ರ 23ನೇ ವಾರ. ಮೀಟರಿನ ಕಿಲೋಮೀಟರನ್ನು ಸರ್ವಿಸ್ ದಾಖಲೆಗಳೊಂದಿಗೆ ತಾಳೆ ನೋಡಿ.

ಹಣ ಕೊಡುವ ಮುನ್ನ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿಸಿಕೊಳ್ಳಿ. ಸಾಲವಿದ್ದ ಕಾರಿಗೆ, ಸಾಲದ ನಮೂದನ್ನು ತೆಗೆಸುವ ನಮೂನೆ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರವೂ ಬೇಕು. ವರ್ಗಾವಣೆಯಾದ 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು.

ಬರುವವರು ತಮ್ಮ ಬಜೆಟ್ ಎಷ್ಟೆಂದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಈಗಾಗಲೇ ಇಂಥ ಕಾರು ಬಳಸುತ್ತಿರುವ ಸದಸ್ಯರು ನಿಜವಾಗಿ ಸಿಗುತ್ತಿರುವ ಮೈಲೇಜನ್ನು ಬರೆದರೆ ತುಂಬಾ ಉಪಕಾರವಾಗುತ್ತದೆ.