ಸಿಟ್ಟು ಸಿನಿಮಾ ಮೇಲಿರಲಿ, ನಟಿಯ ಮೇಲೇಕೆ?

ಮಾನ್ಯರೇ,

2017ರ ಹಾಲಿವುಡ್ ಸಿನಿಮಾ 'ಸ್ಟಾರ್ ವಾರ್ಸ್: ದಿ ಲಾಸ್ಟ್ ಜೆಡೈ' ಬಗ್ಗೆ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. ಹಳೇ ಸ್ಟಾರ್ ವಾರ್ಸ್ ಸಿನಿಮಾಗಳ ನಾಯಕ ಲ್ಯೂಕ್ ಸ್ಕೈವಾಕರ್ ಕೈಗೆ ಬಂದ ತನ್ನ ಹಳೇ ಬೆಳಕಿನ ಕತ್ತಿ ಲೈಟ್‌ಸೇಬರ್ ಅನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಸಾಡುವ ಆ ದೃಶ್ಯ, ಚಿಕ್ಕಂದಿನಿಂದ ಅವನನ್ನು ಮೆಚ್ಚಿಕೊಂಡು ಬಂದವರಿಗೆ ಎಷ್ಟು ನೋವು ಕೊಟ್ಟಿರಬೇಕು ಅಂತ ನನಗೂ ಅರ್ಥವಾಗುತ್ತದೆ. ಆ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರಿಗೇ ನಿರ್ದೇಶಕ ರಿಯಾನ್ ಜಾನ್ಸನ್ ಆಲೋಚನೆ ಮೊದಲು ಹಿಡಿಸಿರಲಿಲ್ಲ. ಹಾಗಿರುವಾಗ ಅಭಿಮಾನಿ ಬೈದರೆ ತಪ್ಪೇನು? ನನಗಂತೂ ದೃಶ್ಯ ತುಂಬಾ ಇಷ್ಟವಾಯಿತು. ಎಲ್ಲ ಬಿಟ್ಟು ಒಂಟಿಯಾಗಿ ದ್ವೀಪ ಸೇರಿದವನು ಇನ್ನೇನು ಮಾಡುತ್ತಾನೆ, ಅಲ್ವಾ?

ಆದರೆ ಅದೇ ಸಿನಿಮಾದಲ್ಲಿ ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಏನು ಮಾಡಿದ್ದರು? ಕಥೆ ಬರೆದದ್ದು ಅವರಲ್ಲ. ಅವರ ಜನಾಂಗ, ಮೈಕಟ್ಟು ಹಿಡಿದು ಎಷ್ಟು ಹೀಯಾಳಿಸಿದರು ಅಂದರೆ, 2018ರಲ್ಲಿ ಅವರು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದನ್ನೆಲ್ಲ ಅಳಿಸಿಬಿಟ್ಟರು. ಇದು ವಿಮರ್ಶೆ ಅಲ್ಲ, ಸುಮ್ನೆ ಕ್ರೌರ್ಯ. ಇನ್ನೂ ಜಾಸ್ತಿ ಬೇಸರ ತಂದದ್ದು ನಿರ್ಮಾಪಕರು. 2019ರ ಮುಂದಿನ ಭಾಗದಲ್ಲಿ ರೋಸ್ ಎರಡು ನಿಮಿಷವೂ ತೆರೆ ಮೇಲೆ ಕಾಣಿಸಲಿಲ್ಲ. ಬೈದವರ ಮಾತೇ ನಡೆಯಿತು.

– ಓದುಗ, ಶಿವಮೊಗ್ಗ